ಶಾರ್ಟ್ ಸರ್ಕ್ಯೂಟ್ ನಂತರ ಚಾಲನೆಗೊಳ್ಳದ ಲಾರಿ: ದೋಷ ಪತ್ತೆಯ ಕ್ರಮ ಮತ್ತು ಮಾಲೀಕರ ಲೆಕ್ಕಾಚಾರ

ರಾತ್ರಿ ಸರಕು ತುಂಬಿಸಿ ನಿಲ್ಲಿಸಿದ ಲಾರಿಯು ಬೆಳಿಗ್ಗೆ ಚಾಲನೆಗೊಳ್ಳುವುದಿಲ್ಲ. ಹಿಂದಿನ ಸಂಜೆ ಹಿಂಬದಿಯ ದೀಪ ಮಿನುಗಿ ಆರಿಹೋಯಿತೆಂದೂ, ಕ್ಯಾಬಿನ್ನಿನಲ್ಲಿ ಸುಟ್ಟ ವಾಸನೆ ಬಂದಿತೆಂದೂ ಚಾಲಕನು ಮಾಲೀಕರಿಗೆ ಫೋನಿನಲ್ಲಿ ತಿಳಿಸುತ್ತಾನೆ. ಸಮೀಪದ ಊರಿನಿಂದ ಬಂದ ಎಲೆಕ್ಟ್ರಿಷಿಯನ್ ಮೊದಲು ಬ್ಯಾಟರಿಯನ್ನು ಬದಲಿಸುತ್ತಾನೆ. ಅದರಿಂದ ಪ್ರಯೋಜನವಾಗದಿದ್ದಾಗ ಸೆಲ್ಫ್ ಮೋಟಾರು, ಆ ಬಳಿಕ ರಿಲೇ, ಆ ಬಳಿಕ ಕೀ ಸ್ವಿಚ್ಚು ಬದಲಾಗುತ್ತವೆ. ಕಟ್ಟಕಡೆಗೆ ಚಾಸಿಯ ಅಂಚಿಗೆ ಉಜ್ಜಿ ಹೊದಿಕೆ ಹರಿದ ಒಂದು ವೈರು ಪತ್ತೆಯಾಗುತ್ತದೆ. ಸಾಗಣೆ ಉದ್ಯಮದ ಲೆಕ್ಕಪತ್ರಗಳನ್ನು ಪರಿಶೀಲಿಸುವ ಯಾವುದೇ ಲೆಕ್ಕಪರಿಶೋಧಕನಿಗೆ ಇಂತಹ ಬಿಲ್ಲುಗಳ ಸರಣಿ ಹೊಸದಲ್ಲ. ಬಿಲ್ಲಿನಲ್ಲಿ ಬಿಡಿಭಾಗಗಳ ಬೆಲೆ ಇರುತ್ತದೆ; ಅವುಗಳನ್ನು ಏಕೆ ಬದಲಿಸಲಾಯಿತು ಎಂಬುದಕ್ಕೆ ಆಧಾರವಾದ ಒಂದು ಅಳತೆಯೂ ಇರುವುದಿಲ್ಲ.

ಮಾಲೀಕರು ಸ್ವತಃ ರಿಪೇರಿ ಮಾಡಬೇಕೆಂಬುದು ಈ ಲೇಖನದ ಉದ್ದೇಶವಲ್ಲ. ದೋಷ ಪತ್ತೆಯ ಸರಿಯಾದ ಕ್ರಮ ಯಾವುದು, ಪ್ರತಿ ಹಂತದಲ್ಲಿ ಯಾವ ಅಂಕಿಯನ್ನು ಕೇಳಿ ಪಡೆಯಬೇಕು, ಅದರಿಂದ ಹಣದ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದನ್ನು ಸದಸ್ಯರ ಗಮನಕ್ಕೆ ತರುವುದಷ್ಟೇ ಉದ್ದೇಶ. ಅಳತೆಯಿಲ್ಲದೆ ಬಿಡಿಭಾಗ ಬದಲಾಗಬಾರದು ಎಂಬುದೇ ಇದರ ಸಾರ.

1. ನಿಂತ ಲಾರಿಯ ದಿನದ ವೆಚ್ಚ

ಲಾರಿ ಓಡದಿದ್ದರೂ ಸಾಲದ ಕಂತು, ವೇತನ, ವಿಮೆ, ರಸ್ತೆ ತೆರಿಗೆ ಮತ್ತು ಪರ್ಮಿಟ್ಟಿನ ವೆಚ್ಚಗಳು ನಿಲ್ಲುವುದಿಲ್ಲ. ಉದಾಹರಣೆಗಾಗಿ, ತಿಂಗಳ ಕಂತು ರೂ. 60,000, ಚಾಲಕ ಮತ್ತು ಕ್ಲೀನರ್ ವೇತನ ರೂ. 30,000, ವಿಮೆ ಮೊದಲಾದವುಗಳ ಮಾಸಿಕ ಪಾಲು ರೂ. 12,000 ಎಂದು ಇಟ್ಟುಕೊಳ್ಳೋಣ. ಒಟ್ಟು ರೂ. 1,02,000; ಅಂದರೆ ದಿನಕ್ಕೆ ರೂ. 3,400. ಮೂರು ದಿನ ನಿಂತರೆ ರೂ. 10,200 ಹೋಯಿತು. ತಪ್ಪಿಹೋದ ಬಾಡಿಗೆ ಮತ್ತು ಕೆಟ್ಟುಹೋಗುವ ಸರಕಿನ ಹೊಣೆ ಇದರಲ್ಲಿ ಸೇರಿಲ್ಲ. ಪ್ರತಿಯೊಬ್ಬ ಮಾಲೀಕರೂ ತಮ್ಮ ಲಾರಿಯ ಈ ಅಂಕಿಯನ್ನು ಲೆಕ್ಕಹಾಕಿ ಇಟ್ಟುಕೊಳ್ಳುವುದು ಉಚಿತ. ಒಂದು ಗಂಟೆ ಅಳತೆ ಮಾಡುವ ಎಲೆಕ್ಟ್ರಿಷಿಯನ್ನನ ಕೂಲಿ ದುಬಾರಿಯೇ ಅಗ್ಗವೇ ಎಂಬುದು ಆಗ ತಾನಾಗಿ ತಿಳಿಯುತ್ತದೆ.

2. ಮೊದಲು ಸುರಕ್ಷತೆ

ಶಾರ್ಟ್ ಆದ ಲಾರಿಯಲ್ಲಿ ಮತ್ತೆ ಮತ್ತೆ ಕೀ ತಿರುಗಿಸುವುದು ಅಪಾಯಕರ. ಬ್ಯಾಟರಿಯಿಂದ ಸೆಲ್ಫ್ ಮೋಟಾರಿಗೆ ಹೋಗುವ ದಪ್ಪ ಕೇಬಲ್ಲಿಗೆ ಬಹುತೇಕ ಲಾರಿಗಳಲ್ಲಿ ಫ್ಯೂಸಿನ ರಕ್ಷಣೆ ಇರುವುದಿಲ್ಲ. ಅದು ಚಾಸಿಗೆ ತಗುಲಿದರೆ ಕೆಲವೇ ಕ್ಷಣಗಳಲ್ಲಿ ಹೊದಿಕೆಗೆ ಬೆಂಕಿ ಹತ್ತಬಹುದು. ಆದುದರಿಂದ ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಚಕ್ರಕ್ಕೆ ಅಡ್ಡ ಕೊಟ್ಟು, ಬ್ಯಾಟರಿಯ ಕಟ್-ಆಫ್ ಸ್ವಿಚ್ಚನ್ನು ಆರಿಸಬೇಕು. ಸ್ವಿಚ್ಚು ಇಲ್ಲದಿದ್ದರೆ ಮೈನಸ್ ಕೇಬಲ್ಲನ್ನು ಮೊದಲು ಬಿಚ್ಚಬೇಕು. ಮರಳಿ ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಅದರ ಬಳಿ ಕಿಡಿ, ಬೀಡಿ ಸಲ್ಲದು.

ಸುಟ್ಟ ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಅಥವಾ ಸಿಗರೇಟಿನ ಹಾಳೆ ಇಡುವ ಪದ್ಧತಿಯನ್ನು ಕಟ್ಟುನಿಟ್ಟಾಗಿ ನಿಷೇಧಿಸಬೇಕು. ಫ್ಯೂಸು ಸುಡುವುದು ವೈರನ್ನು ಉಳಿಸಲಿಕ್ಕಾಗಿ. ತಂತಿ ಇಟ್ಟರೆ ವೈರೇ ಫ್ಯೂಸಾಗುತ್ತದೆ.

3. ಲಕ್ಷಣಗಳ ವರ್ಗೀಕರಣ

'ಸ್ಟಾರ್ಟ್ ಆಗುತ್ತಿಲ್ಲ' ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸ್ಥಿತಿಗಳು ಅಡಗಿವೆ. ಚಾಲಕನಿಂದ ಫೋನಿನಲ್ಲಿಯೇ ಇದನ್ನು ಸ್ಪಷ್ಟಪಡಿಸಿಕೊಳ್ಳಬಹುದು.

(ಅ) ಕೀ ತಿರುಗಿಸಿದರೆ ಡ್ಯಾಷ್‌ಬೋರ್ಡಿನಲ್ಲಿ ಒಂದು ದೀಪವೂ ಬೆಳಗುವುದಿಲ್ಲ. ಬ್ಯಾಟರಿ, ಕಟ್-ಆಫ್ ಸ್ವಿಚ್ಚು, ಮುಖ್ಯ ಫ್ಯೂಸು ಇವುಗಳ ಕಡೆ ನೋಡಬೇಕು.

(ಆ) ದೀಪಗಳು ಚೆನ್ನಾಗಿ ಬೆಳಗುತ್ತವೆ, ಆದರೆ ಸೆಲ್ಫ್ ಮೋಟಾರು ಸದ್ದೇ ಮಾಡುವುದಿಲ್ಲ. ಕೀಲಿಯಿಂದ ಸೆಲ್ಫಿಗೆ ಆದೇಶ ಒಯ್ಯುವ ಸಣ್ಣ ವೈರಿನ ಮಾರ್ಗವನ್ನು ನೋಡಬೇಕು.

(ಇ) 'ಟಕ್' ಎಂಬ ಸದ್ದು ಬಂದು ದೀಪಗಳು ಮಂಕಾಗುತ್ತವೆ. ಬ್ಯಾಟರಿ ಬರಿದಾಗಿರಬಹುದು, ದಪ್ಪ ಕೇಬಲ್ ಅಥವಾ ಅರ್ಥ್ ಜೋಡಣೆ ಸಡಿಲವಾಗಿರಬಹುದು, ಇಲ್ಲವೇ ಸೆಲ್ಫ್ ಮೋಟಾರು ಬಿಗಿದಿರಬಹುದು.

(ಈ) ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಇಲ್ಲಿ ಸೆಲ್ಫ್ ಮೋಟಾರು ನಿರ್ದೋಷಿ. ಡೀಸೆಲ್ ಪೂರೈಕೆಯ ವಿದ್ಯುತ್ ಭಾಗವನ್ನು ಅಥವಾ ಎಂಜಿನ್ನಿನ ಇ.ಸಿ.ಯು. ಅನ್ನು ನೋಡಬೇಕು.

ನಾಲ್ಕನೆಯ ಲಕ್ಷಣವಿರುವ ಲಾರಿಗೆ ಹೊಸ ಸೆಲ್ಫ್ ಮೋಟಾರಿನ ಬಿಲ್ಲು ಬಂದರೆ, ತಂತ್ರಜ್ಞಾನ ತಿಳಿಯದ ಮಾಲೀಕರೂ ಅದನ್ನು ಪ್ರಶ್ನಿಸಬಹುದು.

4. ಬ್ಯಾಟರಿ ಮತ್ತು ದಪ್ಪ ಕೇಬಲ್ಲುಗಳು

ನಮ್ಮ ಭಾರಿ ಲಾರಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯಲಾಗುತ್ತದೆ. ಎರಡನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ, ಪೂರ್ಣ ಚಾರ್ಜ್ ಆದ ಬ್ಯಾಟರಿಯು ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಇದ್ದರೆ ಸುಮಾರು ಅರ್ಧ ಚಾರ್ಜ್. 12ಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ಬರಿದು. ಶಾರ್ಟ್ ಆದ ವೈರಿನ ಮೂಲಕ ರಾತ್ರಿಯಿಡೀ ವಿದ್ಯುತ್ ಹರಿದಿದ್ದರೆ ಒಳ್ಳೆಯ ಬ್ಯಾಟರಿಯೂ ಬರಿದಾಗುತ್ತದೆ. ಬರಿದಾದ ಬ್ಯಾಟರಿಯೆಲ್ಲ ಕೆಟ್ಟ ಬ್ಯಾಟರಿಯಲ್ಲ. ಚಾರ್ಜ್ ಮಾಡಿ ಪರೀಕ್ಷಿಸುವ ಮುನ್ನ ಅದನ್ನು ಬದಲಿಸಬಾರದು.

ಎರಡು ಬ್ಯಾಟರಿಗಳ ಅಳತೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬಂದರೆ, ಟೇಪ್ ರೆಕಾರ್ಡರ್, ಮೊಬೈಲ್ ಚಾರ್ಜರ್ ಮೊದಲಾದವುಗಳಿಗೆ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯಲಾಗಿದೆಯೇ ಎಂದು ಪರಿಶೀಲಿಸಬೇಕು. ಹಾಗೆ ಎಳೆದರೆ ಒಂದು ಬರಿದಾಗುತ್ತ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತ, ಎರಡೂ ಬೇಗ ಹಾಳಾಗುತ್ತವೆ. 24ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಅಳವಡಿಸುವುದೇ ಇದಕ್ಕೆ ಪರಿಹಾರ.

ನಂತರದ ಪರೀಕ್ಷೆ ಸೆಲ್ಫ್ ಹೊಡೆಯುತ್ತಿರುವಾಗಲೇ ಆಗಬೇಕು. ಕೇಬಲ್ಲುಗಳು ಎಲ್ಲಿಯೂ ಚಾಸಿಗೆ ತಗುಲಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಇದನ್ನು ಮಾಡಬೇಕು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಹಿಡಿದಾಗ ಸುಮಾರು ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಪಟ್ಟಿ ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ. ಪ್ಲಸ್ ಕಂಬ ಮತ್ತು ಸೆಲ್ಫಿನ ದಪ್ಪ ತುದಿಯ ನಡುವೆ ಒಂದು ವೋಲ್ಟ್ ಮೀರಿದರೆ ಕೇಬಲ್ ಅಥವಾ ಕಟ್-ಆಫ್ ಸ್ವಿಚ್ಚಿನಲ್ಲಿ ದೋಷವಿದೆ. ಈ ಎರಡು ಅಳತೆಗಳಿಗೆ ಹತ್ತು ನಿಮಿಷ ಸಾಕು.

5. ಸುಟ್ಟ ಫ್ಯೂಸು: ಕಾರಣವಲ್ಲ, ಸೂಚನೆ

ತಾಳೆಪಟ್ಟಿ ಹೊಂದದಿದ್ದಾಗ 'ಸಸ್ಪೆನ್ಸ್' ಖಾತೆಗೆ ಮೊತ್ತ ಹಾಕಿ ಹೊಂದಿಸುವುದಕ್ಕೂ, ಸುಟ್ಟ ಫ್ಯೂಸಿನ ಜಾಗಕ್ಕೆ ಹೊಸದನ್ನು ಹಾಕಿ ಮುಂದೆ ಹೋಗುವುದಕ್ಕೂ ವ್ಯತ್ಯಾಸವಿಲ್ಲ. ಎರಡರಲ್ಲಿಯೂ ತಪ್ಪು ಇದ್ದಲ್ಲಿಯೇ ಇರುತ್ತದೆ.

ದೀಪ, ಹಾರನ್ ಮೊದಲಾದ ಸಾಮಾನ್ಯ ಸರ್ಕ್ಯೂಟುಗಳಿಗೆ ಸರಳವಾದ ವಿಧಾನವೊಂದಿದೆ. ಫ್ಯೂಸನ್ನು ತೆಗೆದು, ಅದರ ಎರಡು ಕಚ್ಚುಗಳ ನಡುವೆ 24 ವೋಲ್ಟ್, 21 ವ್ಯಾಟಿನ ಬಲ್ಬನ್ನು ಜೋಡಿಸಬೇಕು. ಸರ್ಕ್ಯೂಟಿನ ಸ್ವಿಚ್ಚುಗಳೆಲ್ಲ ಆರಿದ್ದರೂ ಬಲ್ಬು ಪೂರ್ಣವಾಗಿ ಉರಿದರೆ ಶಾರ್ಟ್ ಇನ್ನೂ ಇದೆ ಎಂದರ್ಥ. ಬಲ್ಬಿನ ಮೂಲಕ 0.9 ಆಂಪಿಯರಿಗಿಂತ ಹೆಚ್ಚು ಹರಿಯದ ಕಾರಣ ವೈರು ಬಿಸಿಯಾಗುವುದಿಲ್ಲ, ಫ್ಯೂಸುಗಳೂ ವ್ಯರ್ಥವಾಗುವುದಿಲ್ಲ. ಈಗ ಒಂದೊಂದೇ ಕನೆಕ್ಟರನ್ನು ಬಿಚ್ಚುತ್ತ ಹೋದರೆ, ಯಾವುದನ್ನು ಬಿಚ್ಚಿದಾಗ ಬಲ್ಬು ಆರುವುದೋ ಆ ಕವಲಿನಲ್ಲಿ ದೋಷವಿದೆ. ಆರಿದ್ದ ಬಲ್ಬು ವೈರಿನ ಕಟ್ಟನ್ನು ಅಲುಗಾಡಿಸಿದಾಗ ಹತ್ತಿಕೊಂಡರೆ ಅದೇ ಸ್ಥಳ. ಇ.ಸಿ.ಯು. ಮತ್ತು ಸೆನ್ಸರುಗಳ ಸರ್ಕ್ಯೂಟಿನಲ್ಲಿ ಮಾತ್ರ ಬಲ್ಬಿನ ಪ್ರಯೋಗ ಸಲ್ಲದು. ಅಲ್ಲಿ ಬ್ಯಾಟರಿ ಬಿಚ್ಚಿ ಮಲ್ಟಿಮೀಟರಿನಿಂದಲೇ ಅಳೆಯಬೇಕು.

ಹುಡುಕಬೇಕಾದ ಸ್ಥಳಗಳೂ ಬಹುಮಟ್ಟಿಗೆ ಗೊತ್ತಿರುವಂಥವೇ: ವೈರಿನ ಕಟ್ಟು ಚಾಸಿಯ ಅಂಚನ್ನು ದಾಟುವೆಡೆ, ಮುಂದಕ್ಕೆ ಬಾಗುವ ಕ್ಯಾಬಿನ್ನಿನ ಕೀಲಿನ ಬಳಿ, ಸೈಲೆನ್ಸರ್ ಮತ್ತು ಟರ್ಬೋ ಸಮೀಪ, ನೀರು ನುಗ್ಗುವ ಹಿಂಬದಿಯ ದೀಪಗಳು, ಟ್ರೇಲರಿನ ಪ್ಲಗ್ಗು. ಲಾರಿಯ ಬಾಡಿಯನ್ನು ಪ್ರತ್ಯೇಕವಾಗಿ ಕಟ್ಟಿಸಿದ್ದರೆ, ಬೋಲ್ಟು ಕೂರಿಸುವಾಗ ವೈರು ಅದರಡಿ ಸಿಲುಕಿರುವ ಸಾಧ್ಯತೆಯುಂಟು. ಧಾನ್ಯ ಸಾಗಿಸುವ, ಎ.ಪಿ.ಎಂ.ಸಿ. ಪ್ರಾಂಗಣಗಳಲ್ಲಿ ರಾತ್ರಿ ನಿಲ್ಲುವ ಲಾರಿಗಳಲ್ಲಿ ಇಲಿ ಕಡಿದ ವೈರುಗಳನ್ನೂ ಹುಡುಕಬೇಕು. ಎಲ್ಲಕ್ಕಿಂತ ಮೊದಲು, ನಂತರ ಸೇರಿಸಿದ ಅಲಂಕಾರದ ದೀಪ, ಹೆಚ್ಚುವರಿ ಹಾರನ್, ಫ್ಯಾನುಗಳ ಜೋಡಣೆಯನ್ನು ನೋಡತಕ್ಕದ್ದು.

6. ಕೀಲಿಯಿಂದ ಸೆಲ್ಫಿನವರೆಗೆ

ಕೀ ತಿರುಗಿಸಿದಾಗ ವಿದ್ಯುತ್ತು ಸ್ವಿಚ್ಚಿನಿಂದ ಹೊರಟು, ಕೆಲವು ಮಾದರಿಗಳಲ್ಲಿ ನ್ಯೂಟ್ರಲ್ ಅಥವಾ ಕ್ಲಚ್ ಸ್ವಿಚ್ಚನ್ನು ಹಾದು, ರಿಲೇಗೆ, ಅಲ್ಲಿಂದ ಸೆಲ್ಫಿನ ಮೇಲಿರುವ ಸೊಲೆನಾಯ್ಡಿನ ಸಣ್ಣ ತುದಿಗೆ ತಲುಪುತ್ತದೆ. ಈ ಸಣ್ಣ ತುದಿಯೇ ನಿರ್ಣಾಯಕ ಸ್ಥಳ. ಒಬ್ಬನು ಕೀಲಿಯನ್ನು ಸ್ಟಾರ್ಟ್ ಸ್ಥಾನದಲ್ಲಿ ಹಿಡಿದಿರುವಾಗ ಇನ್ನೊಬ್ಬನು ಅಲ್ಲಿ ಅಳೆಯಬೇಕು.

ಅಲ್ಲಿಗೆ ಬ್ಯಾಟರಿಯ ವೋಲ್ಟೇಜು ಬಹುಮಟ್ಟಿಗೆ ಪೂರ್ಣವಾಗಿ ಬರುತ್ತಿದ್ದು, ದಪ್ಪ ಕೇಬಲ್ಲೂ ಅರ್ಥೂ ಸರಿಯಿದ್ದು, ಆದರೂ ಮೋಟಾರು ತಿರುಗದಿದ್ದರೆ ಮಾತ್ರ ಸೆಲ್ಫನ್ನು ಬಿಚ್ಚಲು ಆಧಾರವಿದೆ. ಬರುತ್ತಿಲ್ಲವಾದರೆ ಸೆಲ್ಫನ್ನು ಮುಟ್ಟದೆ ಹಿಂದಕ್ಕೆ, ಅಂದರೆ ರಿಲೇ, ಕ್ಲಚ್ ಸ್ವಿಚ್ಚು, ಕೀ ಸ್ವಿಚ್ಚು ಎಂಬ ಕ್ರಮದಲ್ಲಿ ಹೋಗಬೇಕು. ವೋಲ್ಟೇಜು ಎಲ್ಲಿ ಇದೆ, ಎಲ್ಲಿ ಇಲ್ಲ ಎಂಬ ಎರಡು ಬಿಂದುಗಳ ನಡುವೆಯೇ ದೋಷವಿರುತ್ತದೆ. ಲೆಕ್ಕಪುಸ್ತಕದಲ್ಲಿ ಯಾವ ಪುಟದವರೆಗೆ ಮೊತ್ತ ಸರಿಯಿದೆಯೆಂದು ನೋಡುತ್ತ ಬರುವ ವಿಧಾನವೇ ಇಲ್ಲಿಯೂ ಅನ್ವಯಿಸುತ್ತದೆ.

7. ಎಂಜಿನ್ ತಿರುಗಿದರೂ ಹತ್ತಿಕೊಳ್ಳದಿದ್ದರೆ

ಯಾಂತ್ರಿಕ ಪಂಪಿನ ಹಳೆಯ ಲಾರಿಗಳ ಪೈಕಿ ಹಲವು ಮಾದರಿಗಳಲ್ಲಿ ಡೀಸೆಲ್ಲನ್ನು ಬಿಡುವ ಮತ್ತು ತಡೆಯುವ ಸೊಲೆನಾಯ್ಡ್ ಇರುತ್ತದೆ. ಕೀ ಹಾಕಿದಾಗ ಅದಕ್ಕೆ ವಿದ್ಯುತ್ ತಲುಪದಿದ್ದರೆ ಎಂಜಿನ್ ಎಷ್ಟು ತಿರುಗಿದರೂ ಹತ್ತುವುದಿಲ್ಲ. ಒಂದು ಫ್ಯೂಸು ಅಥವಾ ಒಂದು ವೈರಿನ ವಿಷಯ ಇದಾಗಿರಬಹುದು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಮಾನದಂಡದ ಡೀಸೆಲ್ ಲಾರಿಗಳಲ್ಲಿ ಇಂಧನ ಪೂರೈಕೆಯು ಇ.ಸಿ.ಯು. ನಿಯಂತ್ರಣದಲ್ಲಿದೆ. ಕೀ ಹಾಕಿದಾಗ ಎಂಜಿನ್ ಎಚ್ಚರಿಕೆಯ ದೀಪ ಬೆಳಗುವುದೇ, ಸ್ಕ್ಯಾನರ್ ಯಂತ್ರಕ್ಕೆ ಸಂಪರ್ಕ ಸಿಗುವುದೇ ಎಂಬುದನ್ನು ಮೊದಲು ನೋಡಬೇಕು. ಎರಡೂ ಇಲ್ಲವಾದರೆ ಇ.ಸಿ.ಯು. ಕೆಟ್ಟಿದೆ ಎಂದು ತೀರ್ಮಾನಿಸದೆ, ಅದಕ್ಕೆ ವಿದ್ಯುತ್ ನೀಡುವ ಫ್ಯೂಸು, ರಿಲೇ ಮತ್ತು ಅರ್ಥ್ ಪರಿಶೀಲಿಸಬೇಕು. ಹಲವು ಸೆನ್ಸರುಗಳು 5 ವೋಲ್ಟಿನ ಒಂದೇ ಪೂರೈಕೆಯನ್ನು ಹಂಚಿಕೊಳ್ಳುವುದರಿಂದ ಒಂದು ಸೆನ್ಸರಿನ ವೈರು ಶಾರ್ಟ್ ಆದರೆ ಉಳಿದವೂ ಸುಳ್ಳು ಹೇಳತೊಡಗುತ್ತವೆ. ಅವುಗಳನ್ನು ಒಂದೊಂದಾಗಿ ಬಿಚ್ಚಿದಾಗ ಯಾವುದರಿಂದ 5 ವೋಲ್ಟ್ ಮರಳುವುದೋ ಅಲ್ಲಿ ದೋಷವಿದೆ. ನಿಯಂತ್ರಕಗಳು ಪರಸ್ಪರ ಸಂವಹನ ನಡೆಸುವ ಕ್ಯಾನ್ ಜಾಲದ ಎರಡು ವೈರುಗಳ ನಡುವೆ, ಬ್ಯಾಟರಿ ಬಿಚ್ಚಿ ಅಳೆದಾಗ, ಸುಮಾರು 60 ಓಮ್ ಇರಬೇಕು. ಎರಡು ತುದಿಗಳಲ್ಲಿ 120 ಓಮಿನ ತಲಾ ಒಂದು ನಿರೋಧಕ ಇರುವುದೇ ಇದಕ್ಕೆ ಕಾರಣ. ಸೊನ್ನೆಯ ಸಮೀಪ ಬಂದರೆ ಆ ಜಾಲದಲ್ಲಿಯೇ ಶಾರ್ಟ್ ಇದೆ.

ಈ ಅಳತೆಗಳ ದಾಖಲೆ ಇಲ್ಲದೆ ಇ.ಸಿ.ಯು. ಬದಲಾವಣೆಗೆ ಒಪ್ಪಿಗೆ ಕೊಡಬಾರದು. ಮೂಲ ಶಾರ್ಟ್ ಉಳಿದಿದ್ದರೆ ಹೊಸದೂ ಸುಡಬಹುದು. ಚಾಸಿ ಅಥವಾ ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಬಿಚ್ಚಿಸುವುದನ್ನೂ ತಯಾರಕರು ಹೇಳಿದಂತೆ ಇ.ಸಿ.ಯು. ಕನೆಕ್ಟರ್ ತೆಗೆಸುವುದನ್ನೂ ಮರೆಯಬಾರದು.

8. ರಿಪೇರಿಯ ನಂತರ

ಲಾರಿ ಚಾಲನೆಗೊಂಡ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. ಸವೆದ ವೈರಿಗೆ ಬರೇ ಟೇಪು ಸುತ್ತಿದ್ದರೆ ಶಿರಾಡಿ ಘಾಟಿಯ ಮಳೆಯಲ್ಲಿ ಅದೇ ದೋಷ ಮರುಕಳಿಸುತ್ತದೆ. ಅದೇ ದಪ್ಪದ ವೈರು, ಮೇಲೆ ಕೊಳವೆ, ಲೋಹದ ರಂಧ್ರಕ್ಕೆ ರಬ್ಬರಿನ ಬಳೆ, ತಯಾರಕರು ನಿಗದಿಪಡಿಸಿದ ಆಂಪಿಯರಿನ ಫ್ಯೂಸು ಇವಿಷ್ಟನ್ನು ಕಣ್ಣಾರೆ ನೋಡಬೇಕು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 27.5ರಿಂದ 28.5 ವೋಲ್ಟ್ ಬರುತ್ತಿದ್ದರೆ ಆಲ್ಟರ್ನೇಟರ್ ಸರಿಯಿದೆ. ಹೆಚ್ಚುವರಿ ದೀಪಗಳು ಅನಿವಾರ್ಯವಾದರೆ ಅವುಗಳಿಗೆ ಪ್ರತ್ಯೇಕ ಫ್ಯೂಸು ಮತ್ತು ರಿಲೇ ಇರಲಿ.

9. ವಿಮೆಯ ನಿಲುವು

ವಾಣಿಜ್ಯ ವಾಹನಗಳ ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಬೆಂಕಿ, ಸ್ಫೋಟ, ಸ್ವಯಂ ದಹನಗಳಿಂದಾಗುವ ನಷ್ಟಕ್ಕೆ ರಕ್ಷಣೆಯಿದೆ. ಆದರೆ ಸವಕಳಿ ಮತ್ತು ಯಾಂತ್ರಿಕ ಅಥವಾ ವಿದ್ಯುತ್ ವೈಫಲ್ಯಗಳು ಹೊರಗಿಡಲ್ಪಟ್ಟಿವೆ. ಹೀಗಾಗಿ ಶಾರ್ಟಿನಿಂದ ಲಾರಿ ಕೇವಲ ನಿಂತರೆ ಆ ವೆಚ್ಚ ಮಾಲೀಕರದು. ಅದರಿಂದ ಬೆಂಕಿ ಹತ್ತಿ ಕ್ಯಾಬಿನ್ ಸುಟ್ಟರೆ ಪರಿಹಾರದ ಕೋರಿಕೆಗೆ ಅವಕಾಶವಿದೆ. ಅಂತಹ ಸಂದರ್ಭದಲ್ಲಿ ಲಾರಿಯನ್ನು ಬಿಚ್ಚುವ ಮುನ್ನವೇ ವಿಮಾ ಕಂಪನಿಗೆ ತಿಳಿಸಿ, ಛಾಯಾಚಿತ್ರ ತೆಗೆದು, ಸುಟ್ಟ ಭಾಗಗಳನ್ನು ಸರ್ವೇಯರ್ ನೋಡುವವರೆಗೆ ಕಾಪಾಡಬೇಕು. ಭಾಗಶಃ ನಷ್ಟದಲ್ಲಿ ಬ್ಯಾಟರಿ, ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಸಾಮಾನ್ಯವಾಗಿ ಶೇ. 50 ಸವಕಳಿ ಕಡಿತವಾಗುತ್ತದೆ. ಪಾಲಿಸಿಯಲ್ಲಿ ಘೋಷಿಸದ ಹೆಚ್ಚುವರಿ ವಿದ್ಯುತ್ ಉಪಕರಣಗಳಿಗೆ ಪರಿಹಾರ ನಿರೀಕ್ಷಿಸುವಂತಿಲ್ಲ.

10. ತೆರಿಗೆಯ ನಿಲುವು

ವರ್ಷದ ಯಾವುದೇ ಸಮಯದಲ್ಲಿ 10ಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದ ಮಾಲೀಕರು ಅಂದಾಜು ಆದಾಯದ ಪದ್ಧತಿಯನ್ನು ಆಯ್ದುಕೊಳ್ಳಬಹುದು. 2018ರ ಹಣಕಾಸು ಕಾಯ್ದೆಯು ಮಾಡಿದ ತಿದ್ದುಪಡಿಯಂತೆ, 12,000 ಕಿಲೋಗ್ರಾಂ ಮೀರಿದ ಒಟ್ಟು ತೂಕದ ಲಾರಿಗೆ ಪ್ರತಿ ಟನ್ನಿಗೆ ತಿಂಗಳಿಗೆ ರೂ. 1,000 ಆದಾಯವೆಂದು ಎಣಿಸಲಾಗುತ್ತದೆ. 18.5 ಟನ್ನಿನ ಲಾರಿಗೆ ಇದು ತಿಂಗಳಿಗೆ ರೂ. 18,500. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಲಾರಿಯು ಒಡೆತನದಲ್ಲಿದ್ದ ತಿಂಗಳುಗಳನ್ನು ಎಣಿಸಲಾಗುತ್ತದೆಯೇ ಹೊರತು ಓಡಿದ ದಿನಗಳನ್ನಲ್ಲ. ಎಲ್ಲ ವೆಚ್ಚಗಳೂ ಈಗಾಗಲೇ ಕಳೆಯಲ್ಪಟ್ಟಿವೆ ಎಂದು ಭಾವಿಸುವುದರಿಂದ ರಿಪೇರಿ ಬಿಲ್ಲಿಗೆ ಪ್ರತ್ಯೇಕ ಕಡಿತವಿಲ್ಲ. ಅಂದರೆ ಅನಗತ್ಯವಾಗಿ ಬದಲಿಸಿದ ಸೆಲ್ಫ್ ಮೋಟಾರಿನ ಪೂರ್ಣ ಮೊತ್ತ ಮಾಲೀಕರ ಕೈಯಿಂದಲೇ ಹೋಗುತ್ತದೆ.

ಲೆಕ್ಕಪುಸ್ತಕ ಇಟ್ಟು ವಾಸ್ತವ ಆದಾಯ ತೋರಿಸುವವರಿಗೆ ರಿಪೇರಿ ವೆಚ್ಚ ಕಡಿತಕ್ಕೆ ಅರ್ಹ. ಆದರೆ ಗ್ಯಾರೇಜಿನ ಒಬ್ಬರಿಗೆ ಒಂದೇ ದಿನ ರೂ. 10,000 ಮೀರಿ ನಗದು ಪಾವತಿಸಿದರೆ ಆ ವೆಚ್ಚವನ್ನು ಸಾಮಾನ್ಯವಾಗಿ ಒಪ್ಪಲಾಗದು. ರೂ. 35,000ದ ಮಿತಿಯು ಸರಕು ವಾಹನದ ಬಾಡಿಗೆ ಪಾವತಿಗೆ ಸಂಬಂಧಿಸಿದ್ದು. ಅದನ್ನು ರಿಪೇರಿಗೆ ಅನ್ವಯಿಸಬಾರದು. ಸಾಗಣೆ ಸೇವೆಯ ಜಿ.ಎಸ್.ಟಿ.ಯನ್ನು ಗ್ರಾಹಕರೇ ರಿವರ್ಸ್ ಚಾರ್ಜ್ ಮೂಲಕ ಪಾವತಿಸುವ ಸಂದರ್ಭದಲ್ಲಿ, ಆ ಸೇವೆಗೆ ಬಳಸಿದ ಬಿಡಿಭಾಗಗಳ ಮೇಲಿನ ತೆರಿಗೆಯೂ ಸಾಗಣೆದಾರರಿಗೆ ವೆಚ್ಚವಾಗಿಯೇ ಉಳಿಯುತ್ತದೆ.

11. ಜಾಬ್ ಕಾರ್ಡಿನಲ್ಲಿ ಇರಬೇಕಾದ ಅಂಶಗಳು

ಬಿಲ್ಲು ಪಾವತಿಸುವ ಮುನ್ನ ಈ ಕೆಳಗಿನ ಆರು ಅಂಶಗಳನ್ನು ಲಿಖಿತವಾಗಿ ಪಡೆಯುವುದು ಕ್ಷೇಮ:

(1) ನಾಲ್ಕು ಲಕ್ಷಣಗಳ ಪೈಕಿ ಕಂಡುಬಂದದ್ದು ಯಾವುದು;
(2) ಎರಡು ಬ್ಯಾಟರಿಗಳ ಪ್ರತ್ಯೇಕ ವೋಲ್ಟೇಜು;
(3) ಸೆಲ್ಫ್ ಹೊಡೆಯುವಾಗ ಅರ್ಥ್ ಮತ್ತು ಪ್ಲಸ್ ಕೇಬಲ್ಲಿನ ಅಳತೆ;
(4) ಸೊಲೆನಾಯ್ಡಿನ ಸಣ್ಣ ತುದಿಯಲ್ಲಿ ಬಂದ ವೋಲ್ಟೇಜು;
(5) ಸುಟ್ಟ ಫ್ಯೂಸು ಯಾವುದು, ಶಾರ್ಟ್ ಸಿಕ್ಕಿದ ಸ್ಥಳ ಎಲ್ಲಿ;
(6) ಬದಲಿಸಿದ ಭಾಗ, ಅದಕ್ಕೆ ಆಧಾರವಾದ ಅಳತೆ, ಮತ್ತು ಹಳೆಯ ಭಾಗವನ್ನು ಮರಳಿಸಿದ ಬಗ್ಗೆ ಸಹಿ.

ಐದನೆಯ ಅಂಶ ಖಾಲಿಯಿದ್ದರೆ ಲಾರಿ ಓಡುತ್ತಿದ್ದರೂ ದೋಷ ಪತ್ತೆಯಾಗಿಲ್ಲ ಎಂದೇ ತಿಳಿಯಬೇಕು. ಅಂತಹ ಲಾರಿಯನ್ನು ದೂರದ ಪ್ರಯಾಣಕ್ಕೆ ಕಳುಹಿಸುವುದೆಂದರೆ ಅದರಲ್ಲಿಯೇ ಮಲಗುವ ಚಾಲಕ ಮತ್ತು ಕ್ಲೀನರರ ಪ್ರಾಣವನ್ನು ಪಣಕ್ಕೊಡ್ಡಿದಂತೆ.

ಒಂದು ಸಾಧಾರಣ ಮಲ್ಟಿಮೀಟರ್, ಒಂದು 24 ವೋಲ್ಟಿನ ಬಲ್ಬು, ಸರಿಯಾದ ಆಂಪಿಯರಿನ ಕೆಲವು ಫ್ಯೂಸುಗಳು ಪ್ರತಿ ಲಾರಿಯಲ್ಲಿಯೂ ಇರಲಿ. ಮೇಲಿನ ಆರು ಅಂಶಗಳ ಪಟ್ಟಿಯನ್ನು ಚಾಲಕನ ಕೈಗೂ ಕೊಡಲಿ. ಇವೆಲ್ಲವುಗಳ ಒಟ್ಟು ವೆಚ್ಚವು ಲಾರಿ ಒಂದು ದಿನ ನಿಲ್ಲುವ ನಷ್ಟಕ್ಕಿಂತ ಕಡಿಮೆ.